ಕೂಲಿಕಾರರ ವಕೀಲರು ಬಾಬಾಸಾಹೇಬರು

ಬಾಬಾಸಾಹೇಬರು ಸಂವಿಧಾನ ಬರೆದವರು ಅಂತ ನಮಗೆಲ್ಲ ಗೊತ್ತು. ದುಡಿಯುವವರ ಪರ ನಿಂತ ವಕೀಲರೂ ಅವರೇ.

1923ರಲ್ಲಿ ಮುಂಬೈಯಲ್ಲಿ ವಕೀಲಿ ಶುರು ಮಾಡಿದರು. ಅಲ್ಲಿನ ಗಿರಣಿಗಳಲ್ಲಿ ಹೆಚ್ಚು ಕೂಲಿಯಿದ್ದ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲಿ ಹೀರಿ ಎಳೆಯಬೇಕಿತ್ತು. ನಮ್ಮ ಎಂಜಲು ತಾಗುತ್ತೆ ಅನ್ನೋದು ಮೇಲ್ಜಾತಿಯವರ ತಕರಾರು. 1928ರ ಮುಷ್ಕರದಲ್ಲಿ ಬಾಬಾಸಾಹೇಬರು ಈ ಅನ್ಯಾಯವನ್ನೇ ಎತ್ತಿ ಹಿಡಿದರು. ಮಗ್ಗದ ಸದ್ದಿನಲ್ಲೇ ಬೆಳೆದ ತಾರಮಂಗಲದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

1938ರಲ್ಲಿ ಮುಂಬೈ ಸರ್ಕಾರ ಕೆಲವು ಮುಷ್ಕರಗಳನ್ನು ಅಪರಾಧವೆನ್ನುವ ಮಸೂದೆ ತಂದಿತು. ಶಾಸನಸಭೆಯಲ್ಲಿ ಅವರು ವಕೀಲರಂತೆಯೇ ವಾದಿಸಿದರು: ಕೆಲಸ ನಿಲ್ಲಿಸುವುದು ಕರಾರು ಮುರಿದಂತೆ, ಅಷ್ಟೇ, ಅದಕ್ಕೆ ಶಿಕ್ಷೆ ಕೊಟ್ಟರೆ ಮನಸ್ಸಿಲ್ಲದವನನ್ನು ದುಡಿಸಿದಂತೆ, ಅದು ಗುಲಾಮಗಿರಿ. ನವೆಂಬರ್ 7ರಂದು ಕಾರ್ಮಿಕರು ಒಂದು ದಿನದ ಮುಷ್ಕರ ಹೂಡಿದರು. ಆದರೂ ಅದು ಕಾಯ್ದೆಯಾಯಿತು.

ಅವರು ಕೈಬಿಡಲಿಲ್ಲ. 1942ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದರು. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರಲ್ಲಿ, ಅವರ ಕಾಲದಲ್ಲೇ.

ಕೆಲಸದ ಜಾಗದಲ್ಲಿ ತಪ್ಪು ಕಂಡು ಬಾಯಿಬಿಟ್ಟರೆ ಮನೆಗೆ ಕಳಿಸ್ತಾರೆ ಅನ್ನೋ ಭಯ ಇವತ್ತಿಗೂ ನಮ್ಮಲ್ಲಿದೆ. ಬಾಯಿಬಿಟ್ಟವರ ಜೊತೆ ಕಾನೂನು ಬಲ್ಲವರೊಬ್ಬರು ನಿಲ್ಲಬೇಕು. ತಮ್ಮಂದಿರೇ, ತಂಗಿಯರೇ, ಅವರು ನಮ್ಮ ಬೀದಿಯಿಂದಲೇ ಬರಲಿ.

ಜೈ ಭೀಮ್!