ವೈದ್ಯಕೀಯ ಸೀಟು ಮತ್ತು ಒಂದು ವರ್ಷದ ಪ್ರಶ್ನೆ

ನೀವು ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ಕಲಿಸುವವರಾದರೆ ಈ ಪ್ರಶ್ನೆ ನಿಮ್ಮನ್ನೂ ಹುಡುಕಿಕೊಂಡು ಬಂದಿರುತ್ತದೆ. ನಜರ್‌ಬಾದಿನ ನನ್ನ ಮನೆಗೆ ಅದನ್ನು ತಂದವಳು ಪಕ್ಕದ ಬೀದಿಯ ಹುಡುಗಿ. ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕು. ಸರ್ಕಾರಿ ಕಾಲೇಜಿನಲ್ಲಿ ಸೀಟು ಖಚಿತ. ಆದರೆ ಶಿಬಿರವೊಂದರಲ್ಲಿ ಸೂಕ್ಷ್ಮದರ್ಶಕದಡಿ ಕಂಡ ಜೀವಕೋಶಗಳು ಅವಳನ್ನು ಬಿಟ್ಟಿರಲಿಲ್ಲ. "ಒಂದು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಆಮೇಲೆ ಎಂಬಿಬಿಎಸ್ ಸೇರಬಹುದೆ ಸಾರ್?" ಜೊತೆಗೆ ಬಂದಿದ್ದ ತಂದೆ ನೆಲ ನೋಡುತ್ತಿದ್ದರು.

ಮೊದಲು ನಿಯಮ ನೋಡೋಣ. ಅಮೆರಿಕದ ಕೆಲವು ವೈದ್ಯಕೀಯ ಕಾಲೇಜುಗಳು ಆಯ್ಕೆಯಾದವರಿಗೆ ಪ್ರವೇಶವನ್ನು ಒಂದು ವರ್ಷ ಮುಂದೂಡಲು ಬಿಡುತ್ತವೆ. ನಮ್ಮಲ್ಲಿ ಹಾಗಿಲ್ಲ. ನೀಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ. ಹಂಚಿಕೆಯಾದ ಸೀಟಿಗೆ ಸೇರದಿದ್ದರೆ ಅದು ಇನ್ನೊಬ್ಬರಿಗೆ. 2022ರಲ್ಲಿ ಗರಿಷ್ಠ ವಯೋಮಿತಿಯನ್ನು ತೆಗೆದುಹಾಕಿದ್ದರಿಂದ ಮರುವರ್ಷ ಮತ್ತೆ ಪರೀಕ್ಷೆ ಬರೆಯಲು ಅಡ್ಡಿಯಿಲ್ಲ, ಅಷ್ಟೆ. ಟಿಪ್ಪು ಮೈಸೂರಿನ ಕೋಟೆ ಕೆಡವಿಸಿ ಕಲ್ಲುಗಳನ್ನು ನಮ್ಮ ನಜರ್‌ಬಾದಿಗೆ ಸಾಗಿಸಿದ; 1799ರ ನಂತರ ಅವೇ ಕಲ್ಲುಗಳು ಹಿಂದಕ್ಕೆ ಹೋದವು. ಕಲ್ಲು ಹಾಗೆ ಹೋಗಿಬರಬಹುದು, ಸೀಟು ಬಾರದು.

ಭೌತಶಾಸ್ತ್ರದವನಾದ ನಾನು "ಬಿಟ್ಟು ಬಾ" ಎನ್ನಬೇಕಿತ್ತು. ನಾಲಿಗೆಯ ತುದಿಗೆ ಜಗದೀಶಚಂದ್ರ ಬೋಸರ ಹೆಸರೂ ಬಂದಿತ್ತು. ವೈದ್ಯಕೀಯ ಓದಲೆಂದು ಅವರು 1880ರಲ್ಲಿ ಲಂಡನ್ನಿಗೆ ಹೋದರು. ಜ್ವರ ಕಾಡಿತು, ಅಂಗಚ್ಛೇದನ ಕೊಠಡಿಯ ವಾಸನೆ ಅದನ್ನು ಹೆಚ್ಚಿಸಿತು. ಬಿಟ್ಟು ಕೇಂಬ್ರಿಜ್ ಸೇರಿದರು. ಆದರೆ ಅದು ಅವರು ಕೂತು ಮಾಡಿದ ತೀರ್ಮಾನವಲ್ಲ, ಕಾಯಿಲೆ ಮಾಡಿದ ತೀರ್ಮಾನ. ಹುಡುಗಿಗೆ ಅದರಿಂದ ಉಪಯೋಗವಿರಲಿಲ್ಲ.

ಹಾಗಾಗಿ ನಾನು ಹೇಳಿದ್ದು ಹರ್ಮನ್ ಹೆಲ್ಮ್‌ಹೋಲ್ಟ್ಸ್‌ನ ಕಥೆ. 1821ರಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಹುಟ್ಟಿದ ಈತನಿಗೆ ಬೇಕಿದ್ದದ್ದು ಭೌತವಿಜ್ಞಾನ. ಶಾಲಾ ಮಾಸ್ತರರಾದ ತಂದೆಗೆ ಅಷ್ಟು ಹಣವಿರಲಿಲ್ಲ. ಬರ್ಲಿನ್ನಿನ ಸೈನಿಕ ವೈದ್ಯಕೀಯ ಸಂಸ್ಥೆ ಪುಕ್ಕಟೆ ಓದಿಸುತ್ತಿತ್ತು; ಬದಲಿಗೆ ಎಂಟು ವರ್ಷ ಸೈನ್ಯದಲ್ಲಿ ವೈದ್ಯನಾಗಿರಬೇಕು. 1838ರಲ್ಲಿ ಸೇರಿಕೊಂಡ. ನಮ್ಮ ಕಾಲದ ಬಾಂಡ್ ಪದ್ಧತಿಗಿಂತ ಇದೇನು ಭಿನ್ನವಲ್ಲ.

ಮುಂದಿನದು ಗಮನಿಸಿ. ಅಲ್ಲಿ ಅವನಿಗೆ ಯೊಹಾನೆಸ್ ಮ್ಯುಲ್ಲರ್ ಎಂಬ ಶರೀರಕ್ರಿಯಾ ವಿಜ್ಞಾನಿಯ ಸಹವಾಸ ದೊರೆಯಿತು. ಪ್ರಾಣಿಗಳಲ್ಲಿ ಶಾಖವೂ ಚಲನೆಯೂ ಹುಟ್ಟುವುದು 'ಜೀವಶಕ್ತಿ'ಯಿಂದ ಎಂದು ಹಲವರು ನಂಬಿದ್ದ ಕಾಲ ಅದು. ಹಾಗಿದ್ದರೆ ಶೂನ್ಯದಿಂದ ಕೆಲಸ ಪಡೆಯಬಹುದಲ್ಲ ಎಂಬ ಪ್ರಶ್ನೆ ಈ ತರುಣನನ್ನು ಕೊರೆಯಿತು. 1843ರಲ್ಲಿ ಪಾಟ್ಸ್‌ಡ್ಯಾಮಿನ ಸೇನಾತುಕಡಿಗೆ ವೈದ್ಯನಾಗಿ ಹೋದವನು ಬ್ಯಾರಕ್ಕಿನಲ್ಲೇ ಪುಟ್ಟ ಪ್ರಯೋಗಾಲಯ ಹೂಡಿದ. ಸಂಕೋಚಿಸುವ ಕಪ್ಪೆಯ ಸ್ನಾಯುವಿನಲ್ಲಿ ಹುಟ್ಟುವ ಅತಿ ಸಣ್ಣ ಶಾಖವನ್ನೂ ಅಳೆದ. ಶಕ್ತಿ ಸಂರಕ್ಷಣೆಯ ಪ್ರಬಂಧವನ್ನು ಬರ್ಲಿನ್ನಿನ ಭೌತ ಸಂಘದಲ್ಲಿ ಓದಿದ್ದು 1847ರ ಜುಲೈ 23ರಂದು. ಆಗಲೂ ಅವನು ಸೇನಾವೈದ್ಯನೇ. ಪ್ರತಿಷ್ಠಿತ ಪತ್ರಿಕೆಯೊಂದು ಅದನ್ನು ಪ್ರಕಟಿಸಲು ನಿರಾಕರಿಸಿತು. ಹುಂಬೋಲ್ಟ್‌ನ ನೆರವಿನಿಂದ 1848ರಲ್ಲಿ, ಅವಧಿಗೆ ಮೊದಲೇ, ಬಿಡುಗಡೆ ಸಿಕ್ಕಿತು. 1850ರಲ್ಲಿ ಕಪ್ಪೆಯ ನರದಲ್ಲಿ ಸಂದೇಶ ಸಾಗುವ ವೇಗವನ್ನು, ಸೆಕೆಂಡಿಗೆ ಸುಮಾರು 27 ಮೀಟರ್ ಎಂದು, ಅಳೆದ. ಅದು ಅಳತೆಗೆ ಸಿಗದೆಂದು ಹೇಳಿದ್ದವರು ಗುರು ಮ್ಯುಲ್ಲರರೇ! ಬರ್ಲಿನ್ನಿನಲ್ಲಿ ಭೌತವಿಜ್ಞಾನದ ಪೀಠ ದೊರೆತದ್ದು 1871ರಲ್ಲಿ, ಐವತ್ತನೆಯ ವಯಸ್ಸಿಗೆ. ಇದನ್ನು ತಡ ಎನ್ನುತ್ತೀರಾ? ಪದವಿಯ ಲೆಕ್ಕದಲ್ಲಿ ತಡ, ಪ್ರಶ್ನೆಯ ಲೆಕ್ಕದಲ್ಲಿ ಅಲ್ಲ.

ಎಲ್ಲರಿಗೂ ಬ್ಯಾರಕ್ಕಿನಲ್ಲಿ ಬಿಡುವು ಸಿಗುವುದಿಲ್ಲ, ನಿಜ. ನಮ್ಮ ಬೆಂಗಳೂರಿನಲ್ಲೇ ಇದ್ದ ರೊನಾಲ್ಡ್ ರಾಸ್ ಇದಕ್ಕೆ ಸಾಕ್ಷಿ. 1883ರಲ್ಲಿ ದಂಡಿನ ವೈದ್ಯನಾಗಿ ಬಂದಾಗ, ಬಂಗಲೆಯ ಬಳಿಯ ತೊಟ್ಟಿಯ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಆತ ಕಂಡಿದ್ದ. 1895ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಬೆನ್ನು ಹತ್ತಿದ್ದಾಗ ಕಾಲರಾ ನಿಯಂತ್ರಣಕ್ಕೆಂದು ಮತ್ತೆ ಬೆಂಗಳೂರಿಗೆ ಕಳಿಸಿದರು. ಊರಿನ ನೈರ್ಮಲ್ಯದ ಕೆಲಸದಲ್ಲಿ ಸಂಶೋಧನೆ ಹಿಂದೆ ಬಿತ್ತು. 1897ರ ಆಗಸ್ಟ್ 20ರಂದು, ಸಿಕಂದರಾಬಾದಿಗೆ ಮರಳಿದ ಮೇಲೆಯೇ, ಸೊಳ್ಳೆಯ ಜಠರದಲ್ಲಿ ರೋಗಾಣು ಕಂಡದ್ದು. ನೌಕರಿ ಸಮಯ ತಿನ್ನುತ್ತದೆ ಎಂಬುದನ್ನು ಹುಡುಗಿಯಿಂದ ಮುಚ್ಚಿಡಲಿಲ್ಲ.

ಇಂದು ಬಾಗಿಲುಗಳು ಹೆಚ್ಚಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವೇತನ ಕೊಡುತ್ತ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ತೆರೆದಾಗ ವೈದ್ಯಕೀಯ ಪ್ರವೇಶ ಪರೀಕ್ಷೆಯ ಅಂಕಗಳನ್ನೂ ಪರಿಗಣಿಸಿತ್ತು. 2022ರಲ್ಲಿ ಅದು ಪ್ರಕಟಿಸಿದ ವೈದ್ಯಕೀಯ ಶಾಲೆಯ ಯೋಜನೆಯಲ್ಲಿ ಎಂಡಿ ಮತ್ತು ಪಿಎಚ್‌ಡಿ ಜೋಡಿ ಪದವಿಯಿದೆ. ಎರಡು ತಿಂಗಳು ಬಹಳ ಕಡಿಮೆ ಎಂಬುದು ನನ್ನ ಆಕ್ಷೇಪ. ಸೀಟು ಕಾಯ್ದಿರಿಸಿ ಒಂದು ವರ್ಷದ ಬಿಡುವು ಕೊಡುವ ಕಾಲೇಜು ನಮ್ಮಲ್ಲೂ ಬೇಕು.

ಕೊನೆಗೆ ನಾನು ಅವಳನ್ನು ಕೇಳಿದ್ದು ಒಂದೇ: ಆ ವರ್ಷ ಯಾವ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತೀಯೆ, ಬರೆದು ತಾ. ಮೂರು ದಿನ ಬಿಟ್ಟು ಬಂದಳು. ಹಾಳೆಯಲ್ಲಿ ಗಾಯ ಮಾಯುವಾಗ ಜೀವಕೋಶಗಳು ಯಾವ ಕಡೆ ಚಲಿಸಬೇಕೆಂದು ಹೇಗೆ ತಿಳಿಯುತ್ತವೆ ಎಂದಿತ್ತು. ಇದಕ್ಕೆ ಆಸ್ಪತ್ರೆಯೂ ಬೇಕಲ್ಲ ಎಂದು ಅವಳೇ ನಕ್ಕಳು. ಎಂಬಿಬಿಎಸ್ ಸೇರಿದಳು. ಅದೇ ಸರಿ ಎಂದು ನಾನು ಪ್ರಮಾಣ ಮಾಡಲಾರೆ. ಈಗ ಎರಡು ತಿಂಗಳ ವೇತನದ ಅರ್ಜಿಗೆ ಮಾರ್ಗದರ್ಶಕರನ್ನು ಹುಡುಕುತ್ತಿದ್ದಾಳೆ. ಆ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ.