ಸುರಪುರದ ವೆಂಕಟಪ್ಪನಾಯಕನ ಅಂತ್ಯವಿಚಾರ

ಬೀದರ ಮೊದಲ್ಗೊಂಡು ತುಂಗಭದ್ರಾತೀರದವರೆಗೆ ಹರಡಿದ್ದ ನಿಜಾಮಸೀಮೆಯ ಕನ್ನಡನಾಡಿನಲ್ಲಿ ೧೮೫೭-೫೮ರ ಸಂಗ್ರಾಮದ ಪ್ರಧಾನಸ್ಥಾನವು ಸುರಪುರವೆಂಬುದು ಸುಪ್ರಸಿದ್ಧವಾಗಿದೆ. ಅಲ್ಲಿಯ ಅರಸನಾದ ರಾಜಾ ವೆಂಕಟಪ್ಪನಾಯಕನು ಆತ್ಮಹತ್ಯೆ ಮಾಡಿಕೊಂಡನೋ ಅಥವಾ ಹತನಾದನೋ ಎಂಬ ವಿಷಯದಲ್ಲಿ ಮಾತ್ರ ಮತಭೇದವುಂಟು.

ಯುದ್ಧವೃತ್ತಾಂತವು ಸಂಕ್ಷಿಪ್ತವಾದುದು. ನಾಯಕನು ಅರಬರನ್ನೂ ರೋಹಿಲರನ್ನೂ ಸೇರಿಸುತ್ತಿರುವನೆಂಬ ಶಂಕೆಯಿಂದ ರೆಸಿಡೆಂಟನು ಕ್ಯಾಂಪ್‌ಬೆಲ್ಲನನ್ನು ಸುರಪುರಕ್ಕೆ ಕಳುಹಿದನು. ೧೮೫೮ನೆಯ ಫೆಬ್ರುವರಿ ೭ರ ರಾತ್ರಿ ವಿಂಡ್‌ಹಮ್ಮನ ಪಾಳೆಯದ ಮೇಲೆ ಬೇಡಪಡೆಯು ಎರಗಿತು. ಮರುದಿನದ ಕದನದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಮಡಿದನು. ಲೆಫ್ಟಿನೆಂಟ್ ಸ್ಟುವರ್ಟನು ಮಾರಣಾಂತಿಕವಾಗಿ ಗಾಯಗೊಂಡನು. ಹೆಚ್ಚಿನ ದಂಡು ಸಮೀಪಿಸಲು ನಾಯಕನು ಇರುಳಿನಲ್ಲಿಯೇ ಊರನ್ನು ಬಿಟ್ಟನು.

ಈ ನಿರ್ಗಮನವನ್ನು ಹೇಡಿತನವೆನ್ನುವುದು ಯುಕ್ತವಲ್ಲ. ೧೭೦೫ರಲ್ಲಿ ಔರಂಗಜೇಬನು ತಾನೇ ಬಂದು ವಾಗಿನಗೇರಿಯನ್ನು ಮುತ್ತಿದಾಗ ಪಿಡ್ಡನಾಯಕನೂ ಕೋಟೆಯನ್ನು ಬಿಟ್ಟು ಕುಲವನ್ನು ಉಳಿಸಿಕೊಂಡಿದ್ದನು. ಬಾದಶಹನಿಗೆ ದೊರೆತುದು ಬರಿಯ ಕೋಟೆ. ಆದರೆ ಪಿಡ್ಡನಾಯಕನು ಬೆಟ್ಟಗಾಡನ್ನು ನಂಬಿದನು. ವೆಂಕಟಪ್ಪನು ಹೈದರಾಬಾದನ್ನು ನಂಬಿದನು. ಅಲ್ಲಿ ಅವನು ಸೆರೆಸಿಕ್ಕಲು ಸಾಲಾರಜಂಗನು ರೆಸಿಡೆಂಟನಿಗೆ ಒಪ್ಪಿಸಿದನು. ಮುಂಡರಗಿ ಭೀಮರಾಯನೂ ನರಗುಂದದ ಭಾಸ್ಕರರಾಯನೂ ಎದ್ದುದು ಅದೇ ವರ್ಷದ ಮೇ ತಿಂಗಳಲ್ಲಿ. ಹಲಗಲಿಯ ಬೇಡರು ಹಿಂದಿನ ನವೆಂಬರದಲ್ಲಿಯೇ ನೆಲಕಚ್ಚಿದ್ದರು. ಮೂರೂ ಕೂಡಿ ಒಂದೇ ಕಾಲದಲ್ಲಿ ಸಂಭವಿಸಿದ್ದರೆ ಎಂಬ ಊಹೆಯು ಇಲ್ಲಿ ಅಪ್ರಸ್ತುತ.

ಪ್ರಕೃತ ವಿಷಯಕ್ಕೆ ಮುಖ್ಯಸಾಕ್ಷಿಯು ೧೮೭೭ರಲ್ಲಿ ಅಚ್ಚಾದ ಮೆಡೋಸ್ ಟೇಲರನ ಆತ್ಮಚರಿತ್ರೆ. ಮರಣದಂಡನೆಯು ತಗ್ಗುತ್ತ ಬಂದು ಕೊನೆಗೆ ನಾಲ್ಕು ವರ್ಷದ ಸೆರೆಯಾಗಿ, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ನಾಯಕನು ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಸತ್ತನೆಂದು ಅವನು ಬರೆದಿರುವನು. ೨೪ನೆಯ ವರ್ಷವನ್ನು ದಾಟಲಾರನೆಂಬ ಜಾತಕಫಲವನ್ನು ಅರಮನೆಯವರು ಮೊದಲೇ ತನಗೆ ತಿಳಿಸಿದ್ದರೆಂದೂ ಹೇಳುವನು. ಸುರಪುರದ ಜನಶ್ರುತಿಯಾದರೋ ಅವನನ್ನು ಮೋಸದಿಂದ ಕೊಂದರೆನ್ನುತ್ತದೆ.

ಟೇಲರನು ಬಾಲನಾಯಕನನ್ನು ಸಾಕಿದವನು. ನಾಯಕನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಆದುದರಿಂದ ಅವನ ಶೋಕದಲ್ಲಿ ಕಪಟವಿಲ್ಲವೆನ್ನಬಹುದು. ಆದರೆ ಮರಣಕಾಲದಲ್ಲಿ ಅವನಿದ್ದುದು ಸುರಪುರದಲ್ಲಿ. ಜಾತಕದ ಮಾತಿಗೆ ಅವನು ಪ್ರತ್ಯಕ್ಷಸಾಕ್ಷಿ; ಮರಣಕ್ಕೆ ಅಲ್ಲ. ಅಲ್ಲಿ ಅವನದು ಶಬ್ದಪ್ರಮಾಣ, ಅದೂ ಕಾವಲಿನವರ ಮಾತನ್ನೇ ಅವಲಂಬಿಸಿದುದು. ಜಾತಕವು ಫಲಿಸಿತೆಂಬ ವಿಸ್ಮಯದಲ್ಲಿ ಓದುವವರು ಈ ಭೇದವನ್ನು ಮರೆಯುತ್ತಾರೆ. ಕೆಲವು ಪಂಡಿತರೂ ಮರೆತಿದ್ದಾರೆ.

ಜನಶ್ರುತಿಗೂ ಬಾಧಕವುಂಟು. ಭಾಸ್ಕರರಾಯನನ್ನು ಜೂನ್ ೧೨ರಂದು ಬೆಳಗಾವಿಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದ ಸರಕಾರಕ್ಕೆ, ಕೈಯಲ್ಲಿದ್ದ ಮರಣದಂಡನೆಯನ್ನು ಬಿಟ್ಟು ಗುಟ್ಟಾಗಿ ಕೊಲ್ಲುವ ಅಗತ್ಯವೇನು? ಆದರೆ ನಾಲ್ಕು ವರ್ಷಗಳಲ್ಲಿ ಹಿಂದಿರುಗುವ ಆಸೆಯುಳ್ಳ ತರುಣನು ಸಾಯುವುದಕ್ಕೂ ಕಾರಣ ಬೇಕು. ಟೇಲರನ ಲೇಖನದಿಂದ ಆತ್ಮಹತ್ಯೆಯು ಸಂಭಾವಿತವಾಗುವುದೇ ಹೊರತು ಸಿದ್ಧವಾಗುವುದಿಲ್ಲ. ಶಾಲಾಪುಸ್ತಕಗಳು ಇದನ್ನು ನಿಶ್ಚಿತವೆಂದು ಬರೆಯುವುದು ಸರಿಯಲ್ಲ.

ನಾಯಕನು ಗತಿಸಿದ ಮೇಲೆ ಸಂಸ್ಥಾನಕ್ಕೆ ಒಡೆಯರಿಲ್ಲದಂತಾಯಿತು. ೧೮೬೦ರ ಒಪ್ಪಂದದಲ್ಲಿ ಆಂಗ್ಲರು ಸುರಪುರವನ್ನು ನಿಜಾಮನಿಗೆ ಕೊಟ್ಟರು.