ಹಲ್ಲು ಗಟ್ಟಿ ಇದ್ರೂ ಮುಖ ನೋಯುತ್ತಿದೆಯೇ? ಕೀಳಿಸುವ ಮುನ್ನ ಇದು ಗೊತ್ತಿರಲಿ

ಮಲ್ಲಸಮುದ್ರ (ಗದಗ): ದವಡೆ, ಗಲ್ಲ ನೋಯತೊಡಗಿದರೆ ಮೊದಲು ನೆನಪಾಗುವುದು ಹಲ್ಲು. ಲವಂಗ ಇಟ್ಟುಕೊಳ್ಳುತ್ತೇವೆ, ಮೆಡಿಕಲ್ ಅಂಗಡಿಯಿಂದ ಗುಳಿಗೆ ತರುತ್ತೇವೆ, ಕೊನೆಗೆ ‘ಕಿತ್ತು ಬಿಡ್ರಿ’ ಅಂತೀವಿ. ಆದರೆ ಹಲ್ಲು ಹೋದ ಮೇಲೂ ನೋವು ಉಳಿದರೆ? ಕಿತ್ತ ಹಲ್ಲು ಮತ್ತೆ ಬರುವುದಿಲ್ಲ.

ಗೊಂದಲ ಯಾಕೆ?
ಹಲ್ಲು, ವಸಡು, ದವಡೆ, ಗಲ್ಲ, ಹಣೆ ಹಾಗೂ ಮೂಗಿನ ಪಕ್ಕದ ಸೈನಸ್ ಪೊಳ್ಳುಗಳ ನೋವನ್ನು ಮೆದುಳಿಗೆ ಮುಟ್ಟಿಸುವುದು ಮುಖ್ಯವಾಗಿ ಒಂದೇ ನರ, ಟ್ರೈಜೆಮಿನಲ್. ಮುಖದ ಎರಡೂ ಬದಿಗೆ ಒಂದೊಂದಿದ್ದು, ಪ್ರತಿಯೊಂದಕ್ಕೂ ಮೂರು ಕವಲು. ಹೀಗಾಗಿ ಬೇರೆಲ್ಲೋ ಹುಟ್ಟಿದ ನೋವು ಹಲ್ಲಿನದೇ ಅನ್ನಿಸುತ್ತದೆ.

ಮೊದಲು ದಂತ ವೈದ್ಯರೇ
ಬಾಯಿಯ ಸುತ್ತಲಿನ ನೋವು ಹೆಚ್ಚಾಗಿ ಹಲ್ಲಿನದೇ. ಅದಕ್ಕೇ ಅದನ್ನು ಮೊದಲು ನೋಡಿಸಬೇಕು. ವೈದ್ಯರು ಹಲ್ಲನ್ನು ತಟ್ಟಿ, ತಂಪು ತಾಗಿಸಿ, ಎಕ್ಸ್‌ರೇ ತೆಗೆದು ನೋಡುತ್ತಾರೆ. ಸಂಶಯ ಉಳಿದರೆ ಹಲ್ಲಿನ ಬಳಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಜಾಗ ಮರಗಟ್ಟಿದರೂ ನೋವು ನಿಲ್ಲದಿದ್ದರೆ ಮೂಲ ಬೇರೆಡೆ ಇರಬಹುದು. ಹುಳುಕು, ಬಿರುಕು, ಕೀವು ಏನೂ ಕಾಣದಿದ್ದರೆ ‘ಯಾವ ಕಾರಣಕ್ಕೆ ಕೀಳ್ತೀರಿ?’ ಎಂದು ಕೇಳಲು ಸಂಕೋಚ ಬೇಡ.

ನೋವಿನ ಗುಣ ಗಮನಿಸಿ

*ಕರೆಂಟ್ ಹೊಡೆದಂತೆ:* ಮುಖ ತೊಳೆದಾಗ, ಹಲ್ಲುಜ್ಜಿದಾಗ, ರೊಟ್ಟಿ ಅಗಿದಾಗ, ಅಂಗಡಿಯ ಫ್ಯಾನ್ ಗಾಳಿ ತಾಗಿದರೂ ಚಳಕ್ ಅಂತ ಹೊಡೆದು ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷದಲ್ಲಿ ನಿಲ್ಲುವ ನೋವು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇರಬಹುದು. ಸಾಮಾನ್ಯವಾಗಿ ಒಂದೇ ಬದಿಗೆ, 50 ದಾಟಿದವರಲ್ಲಿ, ಮಹಿಳೆಯರಲ್ಲಿ ಹೆಚ್ಚು. ಹಲವರಲ್ಲಿ ಮೆದುಳಿನ ಬುಡದಲ್ಲಿ ರಕ್ತನಾಳ ಈ ನರವನ್ನು ಒತ್ತುತ್ತಿರುತ್ತದೆ. ಕಾರಣ ತಿಳಿಯಲು ಎಂಆರ್‌ಐ ಮಾಡಿಸುತ್ತಾರೆ. ಸಾದಾ ನೋವಿನ ಗುಳಿಗೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಕಾರ್ಬಮಾಜೆಪಿನ್ ಮೊದಲ ಸಾಲಿನ ಔಷಧ. ಆದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ತೊಗೋಬಾರದು. ಮೈಮೇಲೆ ಗುಳ್ಳೆ, ದದ್ದು ಎದ್ದರೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ.

*ಕಿವಿಯ ಮುಂದೆ ಮಂದ ನೋವು:* ಬೆಳಗ್ಗೆ ದವಡೆ ಬಿಗಿದಿರುವುದು, ಬಾಯಿ ತೆರೆದಾಗ ‘ಟಕ್’ ಸಪ್ಪಳ. ಇದು ದವಡೆ ಕೀಲು ಅಥವಾ ಸ್ನಾಯುವಿನದು. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲೂ ಕಾಣುತ್ತದೆ. ಮೆತ್ತನೆ ಊಟ, ಬಿಸಿ ಶಾಖ, ದವಡೆಗೆ ವಿಶ್ರಾಂತಿಯಿಂದ ಬಹಳ ಮಂದಿಗೆ ಕಡಿಮೆಯಾಗುತ್ತದೆ.

*ಮೇಲಿನ ನಾಲ್ಕೈದು ಹಲ್ಲು ಒಟ್ಟಿಗೆ:* ನೆಗಡಿ, ಮೂಗು ಕಟ್ಟಿದ ಜೊತೆಗೆ ಬಗ್ಗಿದರೆ ನೋವು ಹೆಚ್ಚಾದರೆ ಸೈನಸ್ ಸೋಂಕಿನ ಸಂಶಯ. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

*ಉರಿ, ನಂತರ ಗುಳ್ಳೆ:* ಮುಖದ ಒಂದೇ ಬದಿಗೆ ನೀರುಗುಳ್ಳೆ ಎದ್ದರೆ ಸರ್ಪಸುತ್ತು. ಕಣ್ಣಿನ ಸುತ್ತ ಎದ್ದರೆ ಅದೇ ದಿನ ತೋರಿಸಿ.

ತಡ ಮಾಡಬೇಡಿ
• ನಡೆದಾಗ, ಭಾರ ಎತ್ತಿದಾಗ ದವಡೆ ನೋವು, ಜೊತೆಗೆ ಬೆವರು, ಎದೆ ಬಿಗಿತ, ಉಸಿರುಗಟ್ಟುವಿಕೆ: ಹೃದಯಾಘಾತ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ.
• 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು: ರಕ್ತನಾಳದ ಉರಿಯೂತ ಇದ್ದರೆ ದೃಷ್ಟಿಯೇ ಹೋಗಬಹುದು.
• ಗಲ್ಲ, ತುಟಿ ಜೋಮು ಹಿಡಿಯುವುದು, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲಾಗದಿರುವುದು: ಗುಟ್ಕಾ, ತಂಬಾಕು ಜಗಿಯುವವರು ಬಾಯಿ ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು.

ಎಲ್ಲಿ ತೋರಿಸಬೇಕು?
ಜಿಲ್ಲೆಯವರಿಗೆ ಮಲ್ಲಸಮುದ್ರದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್) ಹತ್ತಿರ. ಹೆಚ್ಚಿನ ತಪಾಸಣೆ ಬೇಕೆಂದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ಇವೆ.

ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನೋವು ಎಲ್ಲಿ, ಎಷ್ಟು ಹೊತ್ತು, ಏನು ಮಾಡಿದರೆ ಏಳುತ್ತದೆ, ರಾತ್ರಿ ಎಬ್ಬಿಸುತ್ತದೆಯೇ, ಯಾವ ಗುಳಿಗೆ ತೊಗೊಂಡಿದ್ದೀರಿ. ಹಳೇ ಎಕ್ಸ್‌ರೇ ಇದ್ದರೆ ಒಯ್ಯಿರಿ. ಮುಖದ ನೋವು ಪತ್ತೆಯಾಗುವುದು ಯಂತ್ರಕ್ಕಿಂತ ಹೆಚ್ಚಾಗಿ ರೋಗಿ ಹೇಳುವ ಈ ವಿವರದಿಂದಲೇ.